ಇಸ್ತ್ರಿ ಮಾಡಿದ ಕೈ

ಫೆಬ್ರವರಿ 23, ಗುರುವಾರ

ನಿನ್ನೆ ಬೂದಿ ಬುಧವಾರದ ಪೂಜೆಯಲ್ಲಿ ಹಚ್ಚಿಸಿಕೊಂಡ ಬೂದಿ ಹಣೆಯಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ, ಇವತ್ತು ಧರ್ಮಾಸ್ಪತ್ರೆಯ ಬೆಂಚಿನ ಮೇಲೆ ಹೋಗಿ ಕೂತೆ. ಇಗರ್ಜಿಯ ಹಿಂದಿನ ಆ ಕೋಣೆಯಲ್ಲಿ ಒಂದು ಕಾಲಕ್ಕೆ ನಮಗೆ ಜಪ ಕಲಿಸುತ್ತಿದ್ದರು. ಈಗ ಗುರುವಾರ ಗುರುವಾರ ರಾಜಧಾನಿ ಸಾಂತೋ ದೊಮಿಂಗೋದಿಂದ ಡಾಕ್ಟರ್ ಪಿಮೆಂತೆಲ್ ಅನ್ನುವ ಹುಡುಗಿ ಬರುತ್ತಾಳೆ. ಸಿಸ್ಟರ್ ಬೆನಿತಾ ಹೆಸರು ಕೂಗಿ ಒಳಗೆ ಬಿಡುತ್ತಾರೆ. ನೋಡುವುದೂ ಪುಕ್ಕಟೆ, ಔಷಧಿಯೂ ಪುಕ್ಕಟೆ. ಪುಕ್ಕಟೆ ತೆಗೆದುಕೊಂಡು ಅಭ್ಯಾಸವಿಲ್ಲ ನನಗೆ. ಆ ಹುಡುಗಿಯ ಬಿಳಿ ಕೋಟಿನ ಕಾಲರು ಮುದುಡಿತ್ತು, ಬಿಚ್ಚಿ ಕೊಡು, ಇಸ್ತ್ರಿ ಮಾಡಿ ತರುತ್ತೇನೆ ಅಂದೆ. ನಕ್ಕು, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ, "ಮೊದಲು ಕಾಲು ತೋರ್ಸಿ, ದೋನ್ಯಾ ಲಿಬ್ರಾದಾ" ಅಂದಳು.

ಎಡಗಾಲಿನ ಹೆಬ್ಬೆರಳಿನ ಮೇಲೆ ಇಸ್ತ್ರಿಪೆಟ್ಟಿಗೆ ಕಾಯಿಸುವ ಒಲೆಯಿಂದ ಕೆಂಡ ಬಿದ್ದದ್ದು ಕ್ರಿಸ್ಮಸ್ ಹೊತ್ತಿಗೆ. ಬಿದ್ದದ್ದೇ ಗೊತ್ತಾಗಲಿಲ್ಲ. ಚರ್ಮ ಸುಟ್ಟ ವಾಸನೆ ಬಂದಾಗ ಅಂಗಿ ಸುಟ್ಟಿತೋ ಏನೋ ಎಂದು ಅಂಗಿ ನೋಡಿದೆ. ಆ ಗಾಯ ಇನ್ನೂ ಮಾಗಿಲ್ಲ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿ ಡಾಕ್ಟರು ಹೇಳಿದ್ದು ಒಂದೇ ಮಾತು, ಸಕ್ಕರೆ.

ನಮ್ಮ ಸಾನ್ ಪೆದ್ರೋದಲ್ಲಿ ಸಕ್ಕರೆ ಅಂದರೆ ಕೆಲಸ, ಸಕ್ಕರೆ ಅಂದರೆ ಮದುವೆ, ಹಬ್ಬಕ್ಕೆ ಹೊಸ ಬೂಟು. ಕಾರ್ಖಾನೆ ನಡೆಯುತ್ತಿದ್ದಾಗ ಇಡೀ ಕೇರಿ ಕಾಕಂಬಿಯ ವಾಸನೆ ಹೊಡೆಯುತ್ತಿತ್ತು, ಒಣಹಾಕಿದ ಬಟ್ಟೆಗೂ ಅದೇ ವಾಸನೆ. ಈಗ ಕಾರ್ಖಾನೆ ಮುಚ್ಚಿ ಗೇಟಿಗೆ ಬಳ್ಳಿ ಹಬ್ಬಿದೆ. ಸಕ್ಕರೆ ಎಲ್ಲಿ ಹೋಯಿತು ಅಂದರೆ ನಮ್ಮ ಮೈಯೊಳಗೆ ಬಂದು ಕೂತಿದೆಯಂತೆ.

"ಮನೇಲಿ ಯಾರ್ಯಾರಿದ್ದೀರಿ?" ಅಂದಳು. ನಾನೂ ನಮ್ಮ ಯಜಮಾನರೂ ಅಂದೆ. ಅಷ್ಟು ವರ್ಷದ ರೂಢಿ, ಬಾಯಿಂದ ತಾನಾಗಿ ಬಂತು. ಅವಳು ಬರೆದುಕೊಂಡಳು. ತಿದ್ದಲು ಹೋಗಲಿಲ್ಲ.

ಈಸ್ಟರ್ ಹೊತ್ತಿಗೆ ಸಕ್ಕರೆ ಇಳಿದು ಗಾಯ ಮಾಗಲು ಶುರುವಾಗಬೇಕು, ಇಲ್ಲದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸಿ ಬೆರಳು ತೆಗೆಸಬೇಕಾಗುತ್ತದೆ, ಬೆರಳಿಗೇ ನಿಲ್ಲುತ್ತದೆ ಅಂತಲೂ ಹೇಳಲಾಗದು ಅಂದಳು. ನಿಂತು ದುಡಿಯುವವಳು ನಾನು. ಕೂತು ಇಸ್ತ್ರಿ ಮಾಡಿದವರನ್ನು ಈ ಊರಲ್ಲಿ ಯಾರೂ ನೋಡಿಲ್ಲ.

ಮಾರ್ಚ್ 1, ಗುರುವಾರ

ಸೂಜಿ ಶುರುವಾಯಿತು. ಬೆಳಿಗ್ಗೆ ಒಂದು, ಸಂಜೆ ಊಟಕ್ಕೆ ಮುಂಚೆ ಒಂದು. ಸಿಸ್ಟರ್ ಬೆನಿತಾ ಕಿತ್ತಳೆಹಣ್ಣಿಗೆ ಚುಚ್ಚಿಸಿ ಕಲಿಸಿದರು. ಮೊದಲ ಸಲಕ್ಕೇ ಬಂತು. ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದ ಕೈಗೆ ಸೂಜಿ ಯಾವ ಲೆಕ್ಕ. "ಸೀಸೆ ಫ್ರಿಜ್ಜಲ್ಲೇ ಇರ್ಬೇಕು ದೋನ್ಯಾ, ಮರೀಬೇಡಿ" ಅಂತ ಡಾಕ್ಟರು ಬಾಗಿಲವರೆಗೆ ಬಂದು ಹೇಳಿದಳು. ಆಗಲಿ ಅಂದೆ.

ಆಗಲಿ ಅಂದೆನಲ್ಲ, ಹೇಗೆ ಆಗುತ್ತೆ? ಬೆಳಗಿನ ಸೂಜಿ ಸರಿ, ಇಸ್ತ್ರಿಗೆ ಮುಂಚೆ. ಸಂಜೆಯ ಮಾತೇನು? ಇಸ್ತ್ರಿ ಮಾಡಿದ ಕೈಯಲ್ಲಿ ಫ್ರಿಜ್ ತೆಗೆಯುವುದುಂಟೆ. ಮೈಯೆಲ್ಲಾ ಉಷ್ಣ ಏರಿರುವಾಗ ಆ ತಣ್ಣನೆ ಗಾಳಿ ಹೊಡೆದರೆ ನರ ಸೆಟೆದುಕೊಳ್ಳುತ್ತೆ, ಬಾಯಿ ಸೊಟ್ಟಗಾಗುತ್ತೆ. ನಮ್ಮ ಚಿಕ್ಕಮ್ಮನಿಗೆ ಆಗಿತ್ತು, ಸಾಯುವವರೆಗೆ ಕಾಫಿ ಒಂದು ಕಡೆಯಿಂದ ಸೋರುತ್ತಿತ್ತು. ಅಮ್ಮ ಕೊನೆಯ ಅಂಗಿ ಮಡಿಸಿಟ್ಟಳೆಂದರೆ ನೀರು ಮುಟ್ಟುತ್ತಿರಲಿಲ್ಲ, ಪಾತ್ರೆ ಮುಟ್ಟುತ್ತಿರಲಿಲ್ಲ, ಮಂಜಿಗೆ ಹೊರಗೆ ಹೋಗುತ್ತಿರಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದಳು. ಅಪ್ಪ ಊಟ ಬಡಿಸಿ ಅವಳ ಕೈಗೆ ತಟ್ಟೆ ಕೊಡುತ್ತಿದ್ದ. ಇಡೀ ದಿನದಲ್ಲಿ ಅಮ್ಮ ಕೂತದ್ದು ನಾನು ನೋಡಿದ್ದು ಆಗ ಮಾತ್ರ.

ನನಗೆ ನಿಕಾನೋರ್ ಇದ್ದ. ಕಾರ್ಖಾನೆಯಿಂದ ಬಂದು ಟೋಪಿ ತೆಗೆಯುವ ಮುಂಚೆ, "ರಾಣಿಯೋರಿಗೆ ಏನು ತರ್ಲಿ?" ಅಂತ ಫ್ರಿಜ್ ಬಾಗಿಲು ತೆಗೆದು ನಿಲ್ಲುತ್ತಿದ್ದ. ಮೀನು ತಾ, ನಿಂಬೆಹಣ್ಣು ತಾ ಅಂತ ನಾನು ಕೂತಲ್ಲಿಂದ ಹೇಳುತ್ತಿದ್ದೆ. ಕಾರ್ಖಾನೆ ಮುಚ್ಚಿದ ಮೇಲೂ ಆ ಕೆಲಸ ಬಿಡಲಿಲ್ಲ. ಅವನು ಹೋಗಿ ಈ ಆಗಸ್ಟಿಗೆ ವರ್ಷ ತುಂಬುತ್ತೆ. ಅವತ್ತಿನಿಂದ ಸಂಜೆ ನಮ್ಮ ಫ್ರಿಜ್ ತೆರೆದಿಲ್ಲ. ಬೆಳಿಗ್ಗೆಯೇ ಬೇಕಾದ್ದನ್ನು ತೆಗೆದು ಹೊರಗಿಟ್ಟುಕೊಳ್ಳುತ್ತೇನೆ. ಸೀಸೆಯನ್ನೂ ಹಾಗೇ ಮಾಡಿದರಾಯಿತು. ಬೆಳಿಗ್ಗೆ ತೆಗೆದು ಕಿಟಕಿಕಟ್ಟೆಯ ಮೇಲಿಡುವುದು, ಸಂಜೆ ಚುಚ್ಚಿಕೊಳ್ಳುವುದು, ರಾತ್ರಿಯೂ ಅಲ್ಲೇ ಬಿಡುವುದು. ಸುಲಭ.

ಮಾರ್ಚ್ 8, ಗುರುವಾರ

ಸಕ್ಕರೆ ಇಳಿದಿಲ್ಲ. ಸೂಜಿಯಲ್ಲಿ ಎರಡು ಗೆರೆ ಹೆಚ್ಚು ಮಾಡಿದಳು.

ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಹೆಂಗಸು, ನಿಮ್ಮ ಯಜಮಾನರು ಏನು ಮಾಡ್ತಾರೆ ಅಂದಳು. ಸಕ್ಕರೆ ಕೊಪ್ಪರಿಗೆ ಮುಂದೆ ನಿಲ್ತಾರೆ, ಪಾಕ ಬಂತೋ ಇಲ್ವೋ ಅಂತ ಬೆರಳಲ್ಲಿ ಎಳೆ ತೆಗೆದು ಹೇಳ್ತಾರೆ ಅಂದೆ. ನಿಲ್ಲುತ್ತಿದ್ದರು ಅನ್ನಬೇಕಿತ್ತು.

ಮಾರ್ಚ್ 16, ಶುಕ್ರವಾರ

ಪಕ್ಕದ ಮನೆಯ ಫೆಫಾ ಕಾಳಿನ ಪಾಯಸಕ್ಕೆ ಇಟ್ಟಿದ್ದಾಳೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಇಡೀ ಕೇರಿಗೆ ಇದೇ ಹುಚ್ಚು. ಕೆಂಪು ಕಾಳು ಬೇಯಿಸಿ ಅರೆದು, ತೆಂಗಿನಹಾಲು, ಗೆಣಸು, ಲವಂಗ, ಮೇಲೆ ಸಕ್ಕರೆ. ವಾಸನೆ ಗೋಡೆ ದಾಟಿ ಬಂದು ನನ್ನ ಗಂಜಿ ಹಾಕಿದ ಬಟ್ಟೆಗಳ ಮೇಲೆ ಕೂರುತ್ತಿದೆ. ಅಮ್ಮ ಮಾಡುತ್ತಿದ್ದ ಪಾತ್ರೆ ಎಷ್ಟು ದೊಡ್ಡದೆಂದರೆ ಅಪ್ಪ ದೋಣಿಯ ಹುಟ್ಟಿನಲ್ಲಿ ತಿರುವುತ್ತಿದ್ದ. ಬಟ್ಟಲು ಬಟ್ಟಲಾಗಿ ಮನೆಮನೆಗೆ ಹಂಚಲು ನಾವು ಮಕ್ಕಳು ಓಡುತ್ತಿದ್ದೆವು. ನಮ್ಮ ಬಟ್ಟಲು ಖಾಲಿ ಬರುತ್ತಿರಲಿಲ್ಲ, ಅವರ ಮನೆಯದು ತುಂಬಿಕೊಂಡು ಬರುತ್ತಿತ್ತು. ಯಾರ ಮನೆಯದು ಗಟ್ಟಿ, ಯಾರದು ನೀರು ಎಂದು ಅಮ್ಮ ಒಂದು ಚಮಚದಲ್ಲಿ ತೀರ್ಪು ಕೊಡುತ್ತಿದ್ದಳು. ಆ ರುಚಿಗೆ ಇವತ್ತು ನನ್ನ ಬಾಯಿ ಹಂಬಲಿಸಿತು, ಸುಳ್ಳು ಯಾಕೆ ಹೇಳಲಿ.

ಫೆಫಾ ಬಟ್ಟಲು ಹಿಡಿದು ಬಾಗಿಲಿಗೆ ಬಂದಿದ್ದಳು. "ಕೊಮಾದ್ರೆ, ಬಾಗ್ಲು ತೆಗಿಯೇ. ಒಂದ್ ಚೂರು ರುಚಿ ನೋಡು." ಅದು ನಾನು ತಿನ್ನಬಾರದು ಅಂತ ಒಳಗಿಂದಲೇ ಹೇಳಿ ಕಳಿಸಿದೆ. ಸಕ್ಕರೆ ಕಾಯಿಲೆ ಒಂದು ನೆಪ.

ಅವಳ ಹಿರಿಮಗಳನ್ನು ಜ್ಞಾನಸ್ನಾನದಲ್ಲಿ ಎತ್ತಿಕೊಂಡವಳು ನಾನು, ಅದಕ್ಕೆ ನಾವು ಕೊಮಾದ್ರೆಗಳು, ಅಕ್ಕತಂಗಿಯರಿಗಿಂತ ಹೆಚ್ಚು. ಆದರೆ ನಿಕಾನೋರ್‌ನ ಸಾವಿನ ಒಂಬತ್ತನೆಯ ರಾತ್ರಿಯ ಜಪ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಇವಳು ಬಾಯಿ ತುಂಬ ನಗುತ್ತಾ, "ದಿನಾ ಸಂಜೆ ನನ್ ಜಗಲಿ ಮೇಲೇ ಕೂತಿರ್ತಿದ್ದ ಕಣ್ರೇ ಮಾರಾಯ, ಮನೆಗ್ ಹೋಗೋಕ್ ಮುಂಚೆ" ಅಂದಳು. ಎಲ್ಲರೂ ನಕ್ಕರು, ನಾನು ಎದ್ದು ಒಳಗೆ ಹೋದೆ. ನಾನು ಇಲ್ಲಿ ಕೈ ಮಡಿಲಲ್ಲಿಟ್ಟು ಕಾಯುತ್ತಿದ್ದೆ, ಅವನು ಅಲ್ಲಿ ಕೂತಿರುತ್ತಿದ್ದನಂತೆ. ನನಗೆ ಒಂದು ದಿನವೂ ಹೇಳಿಲ್ಲ. ಅವತ್ತಿನಿಂದ ನನ್ನ ಬಾಗಿಲು ಆ ಕಡೆಗೆ ಮುಚ್ಚಿದೆ.

ಮಾರ್ಚ್ 22, ಗುರುವಾರ

ಮತ್ತೆ ಹೆಚ್ಚು. ಮತ್ತೆ ಗೆರೆ ಏರಿಸಿದಳು. "ದೋನ್ಯಾ, ಬೇಜಾರ್ ಮಾಡ್ಕೋಬೇಡಿ, ನಿಜ ಹೇಳಿ. ಪಾಯಸ ತಿಂತಿದ್ದೀರಾ?" ಅಂದಳು ಡಾಕ್ಟರು. ನನ್ನ ಮೈ ಉರಿದುಹೋಯಿತು. "ಮಗಳೇ, ಕಾಫಿಗೆ ಸಕ್ಕರೆ ಬಿಟ್ಟಿದ್ದೀನಿ. ಬಾಳೆಕಾಯಿ ಬಿಟ್ಟಿದ್ದೀನಿ. ಇನ್ನೇನು ಉಸಿರು ಬಿಡ್ಲಾ?" ಅಂದೆ. ಸಿಸ್ಟರ್ ಬೆನಿತಾ ಕೆಮ್ಮಿದರು.

ಗಾಯ ತೊಳೆಯುವಾಗ ಡಾಕ್ಟರು ಮುಖಗವಸು ಮೂಗಿನ ಮೇಲಕ್ಕೆ ಎಳೆದುಕೊಂಡಳು. ವಾಸನೆ ನನಗೂ ಬಂತು.

ಮಾರ್ಚ್ 25, ಭಾನುವಾರ

ಪೂಜೆ ಮುಗಿಸಿ ಸುತ್ತು ಹಾಕಿಕೊಂಡು ಕಾರ್ಖಾನೆ ಗೇಟಿನವರೆಗೆ ಹೋದೆ. ಕಾಲಿಗೆ ಅಷ್ಟು ದೂರ ಬೇಡವಾಗಿತ್ತು. ಇಲ್ಲಿಯೇ ನಿಕಾನೋರ್ ಮೊದಲ ಸಲ ನನ್ನನ್ನು ಮಾತಾಡಿಸಿದ್ದು. ಮೇಸ್ತ್ರಿಗಳ ಅಂಗಿಗಳ ಗಂಟು ತಲೆ ಮೇಲೆ ಹೊತ್ತು ಬಂದಿದ್ದೆ. "ಇಷ್ಟು ಚೆನ್ನಾಗಿ ಇಸ್ತ್ರಿ ಮಾಡೋ ಹುಡುಗಿ ನನ್ ಅಂಗೀನ ಯಾವಾಗ ಮುಟ್ತಾಳೆ?" ಅಂದಿದ್ದ. ನಿನ್ನ ಅಂಗಿ ಮುಟ್ಟಿದರೆ ಕೈಗೆ ಅಂಟಿಕೊಳ್ಳುತ್ತೆ, ಪಾಕದಲ್ಲಿ ಅದ್ದಿ ತೆಗೆದಹಾಗಿದೆ ಅಂದಿದ್ದೆ. ಗೇಟಿನ ಸರಳು ಹಿಡಿದು ಸುಮ್ಮನೆ ನಿಂತೆ. ಅವನ ನೆನಪಿಗಿಂತ ಆ ಕಾಕಂಬಿ ವಾಸನೆಯ ನೆನಪು ಹೆಚ್ಚು ಅಳು ತರಿಸಿತು. ಬೆರಳು ಹೋದರೆ ಹೋಗಲಿ, ಒಂದು ಕಾಲಲ್ಲಿ ಎಷ್ಟು ದಿನ ನಿಂತೇನು ಅಂತಲೂ ಅನ್ನಿಸಿತು.

ಏಪ್ರಿಲ್ 4, ಬುಧವಾರ

ಪವಿತ್ರ ವಾರ ಅಂತ ಡಾಕ್ಟರು ಈ ಸಲ ಬುಧವಾರವೇ ಬಂದಿದ್ದಳು. ಸಕ್ಕರೆ ಅಲ್ಲೇ ಇದೆ. ಇನ್ನೂ ಏರಿಸಿದಳು, ಈಗ ಶುರು ಮಾಡಿದ್ದರ ಎರಡರಷ್ಟು ಆಯಿತು. ಹಳೆ ಸೀಸೆ ತಳ ಕಂಡಿತ್ತು, ಹೊಸದು ಕೊಟ್ಟಳು. ಹಬ್ಬ ಮುಗಿದ ಮೇಲೆ ಹನ್ನೆರಡನೇ ತಾರೀಕು ಬನ್ನಿ, ಅವತ್ತೂ ಹೀಗೇ ಇದ್ದರೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ ಅಂದಳು. ಹಾಗೆ ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದಳು. "ನಿಮ್ಮ ಯಜಮಾನ್ರನ್ನೂ ಕರ್ಕೊಂಡ್ ಬನ್ನಿ, ಅವ್ರಿಗೂ ಹೇಳ್ಬೇಕು."

ಹೂಂ ಅಂದೆ.

ಏಪ್ರಿಲ್ 8, ಈಸ್ಟರ್ ಭಾನುವಾರ

ಬದುಕಿದ್ದೇನೆ. ಶುಕ್ರವಾರದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ.

ಶುಭ ಶುಕ್ರವಾರ ಯಾರೂ ಇಸ್ತ್ರಿಪೆಟ್ಟಿಗೆ ಮುಟ್ಟುವುದಿಲ್ಲ. ಒಲೆ ಹಚ್ಚಲಿಲ್ಲ. ಹಳೆ ಸೀಸೆ ಹಿಂದಿನ ಸಂಜೆಗೆ ಮುಗಿದಿತ್ತು, ಬೆಳಿಗ್ಗೆ ಫ್ರಿಜ್ಜಿನಿಂದ ಹೊಸ ಸೀಸೆ ತೆಗೆದು ಹೊಸ ಲೆಕ್ಕದಷ್ಟು ಚುಚ್ಚಿಕೊಂಡು ಮತ್ತೆ ಒಳಗಿಟ್ಟೆ. ಉಪವಾಸ. ಅಮ್ಮನ ಕಾಲದಿಂದ ಇವತ್ತಿನವರೆಗೆ ಆ ದಿನ ಮಧ್ಯಾಹ್ನ ಮೂರರವರೆಗೆ ನೀರು ಬಿಟ್ಟು ಏನೂ ಮುಟ್ಟಿದವಳಲ್ಲ. ಹನ್ನೊಂದರ ಹೊತ್ತಿಗೆ ಬೆವರಲು ಶುರುವಾಯಿತು, ಕೈ ನಡುಗಿತು. ಜಪಮಣಿ ಎಣಿಸುತ್ತಿದ್ದವಳಿಗೆ ಎಲ್ಲಿಗೆ ಬಂದೆ ಎಂದು ತಿಳಿಯದಾಯಿತು. ಎದ್ದು ಕುರ್ಚಿ ಹಿಡಿಯಲು ಹೋದೆ. ಇದ್ದಿಲ ಒಲೆ ಉರುಳಿದ ಸದ್ದು ಮಾತ್ರ ಗೊತ್ತು.

ಮುಂದಿನದು ಫೆಫಾ ಹೇಳಿದ್ದು. ಅವಳು ಪಾಯಸದ ಬಟ್ಟಲನ್ನು ನನ್ನ ಹೊಸಿಲ ಮೇಲೆ ಇಟ್ಟು ಓಡಿಹೋಗೋಣ ಅಂತ ಬಂದಿದ್ದಳಂತೆ. "ಬಾಗ್ಲಂತೂ ತೆಗಿಯಲ್ಲ ಇವ್ಳು, ಇರುವೆಯಾದ್ರೂ ತಿನ್ಲಿ ಅಂತ." ಸದ್ದು ಕೇಳಿ ಭುಜ ಕೊಟ್ಟು ಬಾಗಿಲು ತಳ್ಳಿದಳಂತೆ. ಅಗುಳಿ ಕಿತ್ತುಹೋಗಿದೆ, ನೋಡಿದೆ. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಹೆಸರು ಕೂಗುತ್ತಾ ತುಟಿಗೆ ಪಾಯಸ ಸವರಿದಳಂತೆ. ನಾನು ಚಪ್ಪರಿಸಿದೆನಂತೆ. ಆಮೇಲೆ ಚಿಕ್ಕ ಚಿಕ್ಕ ಚಮಚ.

ನನಗೆ ಮೊದಲು ತಿಳಿದದ್ದು ಲವಂಗ. ಆಮೇಲೆ ತೆಂಗಿನಹಾಲು. ಅಮ್ಮಾ, ಗಟ್ಟಿಯಾಯ್ತು ಅಂದೆನಂತೆ.

"ಗಟ್ಟಿಯಂತೆ! ಸಾಯೋಕ್ ಬಿದ್ದಿದ್ದಾಳೆ, ಇನ್ನೂ ನನ್ ಪಾಯಸಕ್ಕೆ ತಪ್ಪು ಹುಡುಕ್ತಾಳೆ" ಅಂತ ಫೆಫಾ ನೆಲದ ಮೇಲೆ ಕೂತು ಅತ್ತಳು. ಸಕ್ಕರೆ ಕಾಯಿಲೆಯವಳಿಗೆ ಸಿಹಿ ಯಾಕೆ ತಿನ್ನಿಸಿದೆ ಅಂದೆ. "ಉಪವಾಸಕ್ಕೆ ಬಿದ್ದಿದ್ದೀಯ ಅಂದ್ಕೊಂಡೆ. ಕೈಲಿದ್ದದ್ದು ಅದೇ ಕಣೇ" ಅಂದಳು.

ಎರಡು ದಿನದಿಂದ ಇಲ್ಲೇ ಮಲಗುತ್ತಿದ್ದಾಳೆ. ಸಿಸ್ಟರ್ ಬೆನಿತಾ ಬಂದು ನೋಡಿ ಡಾಕ್ಟರಿಗೆ ಫೋನು ಮಾಡಿದರು. ಸೂಜಿಯನ್ನು ಮೊದಲಿನ ಲೆಕ್ಕಕ್ಕೆ ಇಳಿಸಿದ್ದಾರೆ. ಗೊರಕೆ ಹೊಡೆಯುತ್ತಾಳೆ ಫೆಫಾ, ನಿದ್ದೆ ಇಲ್ಲ.

ಏಪ್ರಿಲ್ 12, ಗುರುವಾರ

ಬೇಡ ಅಂದರೂ ಫೆಫಾ ಜೊತೆಗೆ ಬಂದಳು. ಡಾಕ್ಟರಿಗೆ ತಲೆ ಕೆಟ್ಟಿತ್ತು. ಐದು ವಾರ ಎಷ್ಟು ಏರಿಸಿದರೂ ಅಲುಗದ ಸಕ್ಕರೆ ಒಂದೇ ದಿನ ಪಾತಾಳಕ್ಕೆ ಯಾಕೆ ಬಿತ್ತು? "ಸೀಸೆ ಎಲ್ಲಿಡ್ತಿದ್ರಿ?"

ನಾನು ಕಾಲಿನ ಪಟ್ಟಿ ಸರಿಮಾಡಿಕೊಳ್ಳತೊಡಗಿದೆ. ಫೆಫಾ ಬಾಯಿ ಬಿಡದೆ ಇರುತ್ತಾಳೆಯೆ. "ಹಳೇ ಸೀಸೆ ಕಿಟಕಿಕಟ್ಟೆ ಮೇಲಿತ್ತು ಡಾಕ್ಟರೇ, ಕೆಂಡದೊಲೆ ಪಕ್ಕ. ನಾನೇ ನೋಡ್ದೆ."

ಡಾಕ್ಟರು ಕಣ್ಣು ಮುಚ್ಚಿಕೊಂಡಳು. ಆ ಝಳಕ್ಕೆ ಔಷಧಿ ಸತ್ತೇ ಹೋಗಿತ್ತಂತೆ. ಇಷ್ಟು ದಿನ ನಾನು ಚುಚ್ಚಿಕೊಂಡದ್ದು ಹೆಚ್ಚುಕಡಿಮೆ ಬರೀ ನೀರು. ಆ ನೀರನ್ನು ನಂಬಿ ಅವಳು ಏರಿಸುತ್ತಾ ಹೋದಳು. ಶುಕ್ರವಾರ ಹೊಸ ಸೀಸೆಯ ನಿಜವಾದ ಔಷಧಿ ಅಷ್ಟೂ ಒಮ್ಮೆಗೇ ಹೊಡೆಯಿತು, ಅದೂ ಖಾಲಿ ಹೊಟ್ಟೆಗೆ.

"ಫ್ರಿಜ್ಜಲ್ಲಿಡಿ ಅಂತ ಅಷ್ಟು ಹೇಳಿದ್ನಲ್ಲ ದೋನ್ಯಾ! ಯಾಕಿಡ್ಲಿಲ್ಲ?"

"ಇಸ್ತ್ರಿ ಮಾಡೋಳು ಡಾಕ್ಟರೇ ಇವ್ಳು" ಅಂದಳು ಫೆಫಾ, ಇದನ್ನೂ ಹೇಳಬೇಕೆ ಅನ್ನುವ ಹಾಗೆ. "ಇಸ್ತ್ರಿ ಮಾಡಿದ ಕೈಲಿ ಫ್ರಿಜ್ ತೆಗೀತಾರಾ ಯಾರಾದ್ರೂ?" ಸಿಸ್ಟರ್ ಬೆನಿತಾ ಸಹ ಹೌದೆಂದು ತಲೆಯಾಡಿಸಿದರು. ರಾಜಧಾನಿಯ ಹುಡುಗಿ ಒಬ್ಬೊಬ್ಬರ ಮುಖ ನೋಡಿದಳು. ಪುಣ್ಯಕ್ಕೆ ನಗಲಿಲ್ಲ.

"ಸರಿ. ಹಾಗಾದ್ರೆ ಸಂಜೆ ನಿಮ್ಮ ಯಜಮಾನ್ರು ತೆಗೆದುಕೊಡ್ಬಹುದಲ್ಲ?"

ಫೆಫಾ ನನ್ನ ಮುಖ ನೋಡಿದಳು. ಅಷ್ಟು ದೊಡ್ಡ ಬಾಯಿಯವಳು, ಆಗ ಮಾತ್ರ ಬಾಯಿ ಬಿಡಲಿಲ್ಲ.

"ಅವರೇ ತೆಗೆದುಕೊಡ್ತಿದ್ರು ಮಗಳೇ. ಹೋದ ಆಗಸ್ಟಲ್ಲಿ ತೀರಿಕೊಂಡ್ರು" ಅಂದೆ. ಆ ಮಾತನ್ನು ಇಷ್ಟು ದಿನ ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ಕೇರಿಯವರಿಗೆ ಹೇಳಬೇಕಾಗಿಯೂ ಇರಲಿಲ್ಲ. ಅಲ್ಲೇ, ಔಷಧಿ ಪೆಟ್ಟಿಗೆಗಳ ಮಧ್ಯೆ, ಮಗುವಿನ ಹಾಗೆ ಅತ್ತುಬಿಟ್ಟೆ.

"ನಾನ್ ತೆಗೀತೀನಿ" ಅಂದಳು ಫೆಫಾ. "ದಿನಾ ಸಂಜೆ ಬಂದು ತೆಗೀತೀನಿ. ಸೀಸೆ ಕೊಟ್ಟು ಹೋಗ್ತೀನಿ. ಇವಳ ಮುಖ ನೋಡೋಕಂತೂ ಅಲ್ಲ."

ದೊಡ್ಡಾಸ್ಪತ್ರೆ ಮಾತನ್ನು ಡಾಕ್ಟರು ಒಂದು ತಿಂಗಳು ಮುಂದೆ ಹಾಕಿದಳು.

ಏಪ್ರಿಲ್ 20, ಶುಕ್ರವಾರ

ಬಂದಳು, ಫ್ರಿಜ್ ತೆಗೆದಳು, ಸೀಸೆ ಕೊಟ್ಟಳು, ವಾಪಸ್ಸು ಇಟ್ಟಳು. ಅಷ್ಟಕ್ಕೆ ಒಂದು ಗಂಟೆ ಕೂತಳು. ನನ್ನ ಫ್ರಿಜ್ಜಿನೊಳಗೆ ತಲೆ ಹಾಕಿ, "ಇದೇನೇ ಈ ಮೀನು, ಯೇಸುವಿನ ಬೆಸ್ತ ಶಿಷ್ಯರ ಕಾಲದ್ದಾ?" ಅಂತ ಎಸೆದೇಬಿಟ್ಟಳು. ನನ್ನ ಮನೆಯಲ್ಲಿ ಇವಳ ಪಾರುಪತ್ಯ. ತಲೆನೋವು.

ಮೇ 3, ಗುರುವಾರ

ಸಕ್ಕರೆ ಇಳಿಯುತ್ತಿದೆ. ಗಾಯದ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿದೆ. ಡಾಕ್ಟರು ಸಿಸ್ಟರನ್ನು ಕರೆದು ತೋರಿಸಿದಳು, ಸಿಸ್ಟರು ಶಿಲುಬೆ ಗುರುತು ಹಾಕಿಕೊಂಡರು. ನನ್ನ ಹೆಬ್ಬೆರಳಿಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ.

ಸಂಜೆ ಫೆಫಾ ಬಂದಾಗ ಬೆವರುತ್ತಿದ್ದಳು, ಒಲೆ ಮುಂದಿನಿಂದ ಎದ್ದು ಬಂದಿದ್ದಳು. ಫ್ರಿಜ್ ಹತ್ತಿರ ಹೋಗದೆ ಬಾಗಿಲಲ್ಲಿ ನಿಂತು ಅಂಗಿಯ ತುದಿಯಿಂದಲೇ ಗಾಳಿ ಹಾಕಿಕೊಂಡಳು. ಏನು ನಿಂತೆ ಅಂದೆ. "ಮೈ ಆರ್ಲಿ ಇರೇ. ನಿನ್ ನಿಕಾನೋರ್ ಹಂಗೆ ನಾನೂ ಆರಿಸ್ಕೊಂಡೇ ತೆಗಿಯೋದು."

ಏನಂದೆ ಅಂದೆ.

"ಕೊಪ್ಪರಿಗೆ ಮುಂದೆ ದಿನವೆಲ್ಲಾ ಬೆಂದು ಬರ್ತಿದ್ನಲ್ಲೇ. ಅವನ ಮೈ ನಿನ್ ಮೈಗಿಂತ ಕಾದಿರ್ತಿತ್ತು. ನನ್ ಜಗಲಿ ಮೇಲೆ ಕೂತು ಟೋಪಿಲಿ ಗಾಳಿ ಹಾಕ್ಕೊಂಡು, 'ಫೆಫಾ, ಬಿಸಿ ಮೈಲಿ ಹೋದ್ರೆ ನನ್ನನ್ನ ಫ್ರಿಜ್ ಹತ್ರ ಬಿಡಲ್ಲ ಅವ್ಳು. ಆಮೇಲೆ ಯಾರು ತೆಗೆದುಕೊಡೋರು' ಅಂತಿದ್ದ. ಮಳೆ ಇರ್ಲಿ, ಜ್ವರ ಇರ್ಲಿ, ದಿನಾ. ಅದನ್ನೇ ಅಲ್ವೇನೇ ಅವತ್ತು ಹೇಳೋಕ್ ಹೊರಟಿದ್ದು? ನೀನು ಅರ್ಧಕ್ಕೇ ಎದ್ದು ಹೋದೆ!"

ಕಾಫಿ ಕುಡಿದು ಹೋಗು ಅಂದೆ. ಅವನನ್ನು ಇನ್ನೊಂದು ಸಲ ಮದುವೆಯಾದ ಹಾಗೆ ಅನ್ನಿಸುತ್ತಿದೆ ಇವತ್ತು. ಕಾರ್ಖಾನೆಯಿಂದ ಬಂದವನ ಮೈ ತಣ್ಣಗಿರುತ್ತಿತ್ತಲ್ಲ, ಅಷ್ಟು ವರ್ಷ ನನಗೆ ಯಾಕೆ ಹೊಳೆಯಲಿಲ್ಲ.

ಮೇ 27, ಭಾನುವಾರ

ನಮ್ಮಲ್ಲಿ ಇವತ್ತು ತಾಯಂದಿರ ದಿನ. ಫೆಫಾಳ ಹಿರಿಮಗಳು ಇಬ್ಬರಿಗೂ ಹೂ ತಂದಿದ್ದಳು. ಕೇರಿಯ ಅರ್ಧ ಜನ ನಮ್ಮ ಮನೆಯಲ್ಲೇ ಇದ್ದರು, ಕುರ್ಚಿ ಸಾಲದೆ ಇಸ್ತ್ರಿ ಮೇಜಿನ ಮೇಲೆ ಕೂತರು. ಬರೆಯಲು ಪುರುಸೊತ್ತಿಲ್ಲ.

ಜೂನ್ 7, ಗುರುವಾರ

ಗಾಯ ಮುಚ್ಚಿತು. ಬೆರಳು ನನ್ನದೇ, ಎಲ್ಲೂ ಹೋಗುವುದಿಲ್ಲ. ಪಟ್ಟಿ ಬಿಚ್ಚಿ ಬುಟ್ಟಿಗೆ ಹಾಕಿದರು. ಡಾಕ್ಟರ ಕೋಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಂಡುಹೋಗಿದ್ದೆ. ಹಾಕಿಕೊಂಡು, ಕತ್ತು ತಿರುಗಿಸೋಕೆ ಆಗ್ತಿಲ್ಲ ದೋನ್ಯಾ ಅಂದಳು. ಒಳ್ಳೆಯ ಕಾಲರು ಹಾಗೇ ಇರಬೇಕು ಅಂದೆ.

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಒಂದು ಉಪಾಯ ಹೇಳಿದಳು. ಬಳಸುತ್ತಿರುವ ಸೀಸೆಯನ್ನು ಫ್ರಿಜ್ಜಿನಲ್ಲೇ ಇಡಬೇಕೆಂದಿಲ್ಲವಂತೆ. ಒದ್ದೆ ಮರಳು ಹಾಕಿದ ಮಣ್ಣಿನ ಗಡಿಗೆಯೊಳಗೆ, ಒಲೆಯಿಂದ ದೂರ, ನೆರಳಲ್ಲಿ ಇಟ್ಟರೆ ಸಾಕಂತೆ, ಒಂದು ತಿಂಗಳು ಕೆಡುವುದಿಲ್ಲವಂತೆ. ಬೆಳಿಗ್ಗೆಯೇ ಅದರಲ್ಲಿಟ್ಟರೆ ಸಂಜೆ ಫ್ರಿಜ್ ತೆಗೆಯುವ ಗೊಡವೆಯೇ ಇಲ್ಲ. "ಆಗ ಯಾರಿಗೂ ಕಾಯೋ ಹಾಗಿರಲ್ಲ ನೋಡಿ. ಪಾಪ, ಅವ್ರಿಗೂ ದಿನಾ ಬರೋ ತೊಂದ್ರೆ ತಪ್ಪುತ್ತೆ." ಗಡಿಗೆಯನ್ನೂ ತಂದಿದ್ದಳು, ಹುಡುಗಿ. ಎಲ್ಲಿಂದ ತಂದಳೋ, ಮುಚ್ಚಳ ಸಮೇತ.

ಒಳ್ಳೆಯ ಗಡಿಗೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ವಾಪಸ್ಸು ಕೊಟ್ಟೆ.

"ಮಣ್ಣಿಂದು ಮಗಳೇ, ಒಡೆದುಹೋಗುತ್ತೆ. ಬೇರೆ ಯಾರಿಗಾದ್ರೂ ಕೊಡು. ನನ್ ಸೀಸೆ ಫ್ರಿಜ್ಜಲ್ಲೇ ಇರ್ಲಿ" ಅಂದೆ. ಅವಳು ಮುಚ್ಚಳ ಮುಚ್ಚಿ ಗಡಿಗೆಯನ್ನು ಮೇಜಿನ ಕೆಳಗೆ ಇಟ್ಟಳು.

ಫೆಫಾಗೆ ಈ ಗಡಿಗೆ ವಿಷಯ ಹೇಳಲಿಲ್ಲ. ಹೇಳುವಂಥದ್ದೇನೂ ಅಲ್ಲ. ಈಗ ಕೊನೆಯ ಅಂಗಿ ಮಡಿಸಿಟ್ಟು ಕುರ್ಚಿಯಲ್ಲಿ ಕೂತಿದ್ದೇನೆ. ಕಾಫಿಗೆ ಮೊದಲೇ ನೀರಿಟ್ಟಿದ್ದೆ, ಇಬ್ಬರಿಗಾಗುವಷ್ಟು. ಇನ್ನೂ ಬಂದಿಲ್ಲ, ಇವತ್ತು ಯಾಕೋ ತಡ ಮಾಡಿದ್ದಾಳೆ.